ಯಲಹಂಕದ ಒಂದು ತೊಟ್ಟಿಲು

ಬೆಂಗಳೂರೆಂದರೆ ತಂಪಿನ ಊರು ಎಂಬುದು ಉತ್ತರ ಕರ್ನಾಟಕದ ಮಠದಲ್ಲಿ ಬೆಳೆದ ನಮಗೆ ಚಿಕ್ಕಂದಿನಿಂದಲೂ ಇದ್ದ ನಂಬಿಕೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರಲ್ಲವೇ! ಆದರೆ 2024ರ ಏಪ್ರಿಲ್ 28ರಂದು ಇಲ್ಲಿಯೂ 38.5 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಆ ದಿನಗಳಲ್ಲಿಯೇ ನಾವು ಯಶವಂತಪುರದಲ್ಲಿ ರೈಲಿಳಿದು, ಯಲಹಂಕದ ಶರಣ ಕುಟುಂಬವೊಂದರ ಕೂಸನ್ನು ಹರಸಲು ಹೊರಟೆವು.

ಹೆಬ್ಬಾಳದ ಕೆರೆಯ ಬಳಿ ಗಾಳಿ ಕೊಂಚ ಸುಳಿಯಿತು. ಮುಂದೆ ಬಳ್ಳಾರಿ ರಸ್ತೆಯ ಎಡಕ್ಕೆ ಕೃಷಿ ವಿಶ್ವವಿದ್ಯಾಲಯದ ಮರಗಳ ನೆರಳು. ಅದನ್ನು ದಾಟುತ್ತಲೇ ಮತ್ತೆ ಕಾಂಕ್ರೀಟಿನ ಕಾವು. ಕೆಂಪೇಗೌಡರ ಮನೆತನ ಆಳಿದ ಯಲಹಂಕದಲ್ಲಿ ಇಂದು ಹೆಂಚಿನ ಮನೆಗಳು ವಿರಳ. ನಾವು ಹೋದ ಮನೆ ಮೂರನೆಯ ಅಂತಸ್ತಿನಲ್ಲಿತ್ತು; ಅದರ ಮೇಲೆ ದಿನವಿಡೀ ಕಾದ ತಾರಸಿ.

ಎರಡು ತಿಂಗಳ ಕೂಸು ಎಡೆಬಿಡದೆ ಅಳುತ್ತಿತ್ತು. ತಲೆಗೆ ಕುಲಾವಿ, ಮೈಮೇಲೆ ಕೌದಿ, ಕಿಟಕಿ ಮುಚ್ಚಿತ್ತು. “ಕೂಸಿಗೆ ಗಾಳಿ ಹತ್ತತೈತ್ರಿ, ಶಾಸ್ತ್ರಿಗಳ” ಎಂದರು ಧಾರವಾಡದಿಂದ ಬಂದಿದ್ದ ಅಜ್ಜಿ. ನಾವೂ ತಲೆದೂಗಿದೆವು. ತಾಯಿಯಾದರೋ ಕೂಸಿನ ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಿದಳು, ಬೆವರಿನಿಂದ ತೊಯ್ದಿತ್ತು. ಕುಲಾವಿ, ಕೌದಿಗಳನ್ನು ತೆಗೆದು ಒಂದೇ ತೆಳು ಹತ್ತಿಯ ಅಂಗಿ ಉಳಿಸಿದಳು. ಹೊತ್ತು ಮುಳುಗಿದ್ದರಿಂದ ಕಿಟಕಿ ತೆರೆದಳು. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಸದಂತೆ ತಿರುಗಿಸಿದಳು. ಹಾಲೂಡಿಸಿ, ಸಮನಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿದಳು. ತುಸು ಹೊತ್ತಿನಲ್ಲಿಯೇ ಕೂಸು ನಿದ್ರಿಸಿತು. ನಮ್ಮ ಪಾಂಡಿತ್ಯ ಮೌನವಾಯಿತು.

ಎಳೆಯ ಮೈ ಬೇಗ ಕಾಯುತ್ತದೆ. ಹೊದಿಕೆಯನ್ನು ತಾನೇ ಸರಿಸಿಕೊಳ್ಳಲು ಕೂಸಿಗೆ ಬಾರದು. ಮೈ ಅತಿಯಾಗಿ ಬಿಸಿಯಾದರೆ ನಿದ್ರೆಯಲ್ಲಿಯೇ ಹಠಾತ್ತನೆ ಸಾವು ಸಂಭವಿಸುವ ಅಪಾಯ ಹೆಚ್ಚುತ್ತದೆಂದು ವೈದ್ಯರು ಎಚ್ಚರಿಸುತ್ತಾರೆ. ಅಂಗೈ ಅಂಗಾಲು ತಣ್ಣಗಿದ್ದ ಮಾತ್ರಕ್ಕೆ ಚಳಿಯೆಂದು ತಿಳಿಯಬಾರದು. ಎದೆ, ಕತ್ತುಗಳನ್ನು ಮುಟ್ಟಿ ನೋಡಬೇಕು. ತೊಟ್ಟಿಲಿಗೆ ದಪ್ಪ ಬಟ್ಟೆ ಮುಚ್ಚಬಾರದು. ಆರು ತಿಂಗಳವರೆಗೆ ನೀರು ಬೇಡ. ಎದೆಹಾಲನ್ನೇ ಮತ್ತೆ ಮತ್ತೆ ಕೊಡಬೇಕು. ಕೂಸು ಮಂಕಾದರೆ, ಹಾಲು ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಹೊರಡುವಾಗ ತಾಯಿ ಸಂಕೋಚದಿಂದ ಇನ್ನೊಂದು ಮಾತು ಕೇಳಿದಳು. ಕೂಸಿನ ಕೊರಳಲ್ಲಿ ಇಷ್ಟಲಿಂಗದ ಶಿವದಾರವಿತ್ತು. ಮಲಗಿದ ಕೂಸು ಹೊರಳಾಡುವಾಗ ಯಾವ ದಾರವಾದರೂ ಕೊರಳಿಗೆ ಬಿಗಿದೀತು ಎಂಬ ಅವಳ ಭಯ ನಿಜವಾದುದೇ. ಆದರೆ ಅಂಗದಿಂದ ಲಿಂಗವನ್ನು ಅಗಲಿಸುವುದು ಹೇಗೆ? ಅಜ್ಜಿ ನಮ್ಮ ಮುಖವನ್ನೇ ನೋಡುತ್ತಿದ್ದರು. ನಾವು ಕ್ಷಣಕಾಲ ಯೋಚಿಸಿ ಹೇಳಿದೆವು: “ಈ ಕೂಸು ನಿನ್ನ ಅಂಗವೇ ಅಲ್ಲವೇ, ತಾಯಿ? ಅದು ಬೆಳೆಯುವವರೆಗೆ ಅದರ ಲಿಂಗವನ್ನು ನೀನೇ ಧರಿಸು.”

ಅಜ್ಜಿಯೇ ಎದ್ದು, ನಿದ್ರಿಸುತ್ತಿದ್ದ ಕೂಸಿನ ಕೊರಳಿನಿಂದ ದಾರವನ್ನು ಮೆಲ್ಲನೆ ಬಿಡಿಸಿ, ಸೊಸೆಯ ಕೊರಳಿಗೆ ಹಾಕಿದರು.