ಇಟ್ಟಿಗೆಯ ಮೇಲೆ ಕಾದ ವಿಠ್ಠಲ

1912ರ ಮೇ 18ರಂದು ಮುಂಬಯಿಯ ಗಿರಗಾಂವದ ಕೊರೊನೇಶನ್ ಚಿತ್ರಮಂದಿರದಲ್ಲಿ ‘ಶ್ರೀ ಪುಂಡಲೀಕ’ ತೆರೆಕಂಡಿತು. ಸುಮಾರು 22 ನಿಮಿಷದ ಮೂಕಿಚಿತ್ರ. ಮಾಡಿದ ದಾದಾಸಾಹೇಬ ತೋರಣೆಯವರಿಗೆ ಆಗ 22 ವರ್ಷ. ಮರುವರ್ಷ ಮೇ 3ರಂದು ಅಲ್ಲಿಯೇ ಫಾಳ್ಕೆಯವರ ‘ರಾಜಾ ಹರಿಶ್ಚಂದ್ರ’ ಬಂತು. ಭಾರತದ ಮೊದಲ ಕಥಾಚಿತ್ರವೆಂಬ ಪಟ್ಟ ಅದಕ್ಕೆ ಸಂದಿತು. ತೋರಣೆಯವರದು ರಂಗದ ಮೇಲಿನ ನಾಟಕವನ್ನೇ ಕದಲದ ಕ್ಯಾಮೆರಾದಲ್ಲಿ ಹಿಡಿದದ್ದು, ಹಿಡಿದವನು ಬ್ರಿಟಿಷ್, ಫಿಲ್ಮು ತೊಳೆದದ್ದು ಲಂಡನ್ನಿನಲ್ಲಿ ಎಂಬುದು ತಕರಾರು. ಚಿತ್ರದ ಪ್ರತಿ ಇಂದು ಉಳಿದಿಲ್ಲ.

ಕದಲಲಿಲ್ಲ ಎಂಬ ದೂರು ಈ ಕಥೆಯ ಮಟ್ಟಿಗೆ ವಿಚಿತ್ರ. ಪುಂಡಲೀಕ ಮೊದಲು ತಂದೆತಾಯಿಯನ್ನು ಕಡೆಗಣಿಸಿದ ಮಗ. ಕುಕ್ಕುಟ ಋಷಿಯ ಆಶ್ರಮದಲ್ಲಿ ಕಣ್ಣು ತೆರೆದು ಮನೆಗೆ ಮರಳಿದ. ದೇವರು ಬಾಗಿಲಿಗೆ ಬಂದಾಗ ಅವನು ಹೆತ್ತವರ ಕಾಲೊತ್ತುತ್ತಿದ್ದ. ಎದ್ದು ಬರಲಿಲ್ಲ; ನಿಲ್ಲಲು ಒಂದು ಇಟ್ಟಿಗೆ ಎಸೆದ. ದೇವರು ಸೊಂಟದ ಮೇಲೆ ಕೈಯಿಟ್ಟು ಅದರ ಮೇಲೆ ನಿಂತ, ಪಂಢರಪುರದಲ್ಲಿ ಇನ್ನೂ ನಿಂತಿದ್ದಾನೆ. ನಿಲ್ಲುವುದೇ ಇಲ್ಲಿನ ಘಟನೆ.

ಚಿತ್ರಕ್ಕೆ ಮಾತಿಲ್ಲದ್ದೂ ಕೊರತೆಯಾಗಿರಲಾರದು. ಕಥೆ ನೋಡುಗರಿಗೆ ಬಾಯಿಪಾಠ. ಹಾಡು ಅವರೊಳಗೇ ಇತ್ತು, ಅವರವರ ಭಾಷೆಯಲ್ಲಿ. ಜ್ಞಾನೇಶ್ವರರು ಈ ವಿಠ್ಠಲನನ್ನು ‘ಕಾನಡಾ’ ಎಂದು ಕರೆದರು. ಪುರಂದರದಾಸರು ಅವನ ಹೆಸರನ್ನೇ ಅಂಕಿತ ಮಾಡಿಕೊಂಡರು. ಠಾಣೆಯ ನೌಪಾಡಾದಲ್ಲಿ ಆಷಾಢ ಏಕಾದಶಿಯ ದಿನ ಒಂದು ಮನೆಯಲ್ಲಿ ಅಭಂಗ, ಪಕ್ಕದ ಮನೆಯಲ್ಲಿ ದಾಸರ ಪದ. ಒಬ್ಬರು ಸಾಬೂದಾಣಾ ಅನ್ನುತ್ತಾರೆ, ಇನ್ನೊಬ್ಬರು ಸಾಬಕ್ಕಿ. ಉಪವಾಸದ ಖಿಚಡಿ ಒಂದೇ.

ಅಂಥದೊಂದು ಮನೆಯಲ್ಲಿ ಬಾಗಲಕೋಟೆ ಕಡೆಯ ಮಗಳೊಬ್ಬಳು ಹಾಸಿಗೆ ಹಿಡಿದ ಅವ್ವನನ್ನು ನೋಡಿಕೊಳ್ಳುತ್ತಾಳೆ. ಕೆಲಸ, ಲೋಕಲ್ ಟ್ರೇನು, ಮಕ್ಕಳ ಶಾಲೆ ಎಂದು ಹಲವು ವರ್ಷ ವರ್ಷಕ್ಕೊಮ್ಮೆ ಊರಿಗೆ ಹೋಗಿಬಂದವಳು. ಅವ್ವ ಬಚ್ಚಲಲ್ಲಿ ಬಿದ್ದ ಮೇಲೆ ಕರೆತಂದಳು. ನೆರೆಯವರು “ಪುಂಡಲೀಕನಂಥ ಮಗಳು” ಎಂದರೆ ಅವಳಿಗೆ ಇರುಸುಮುರುಸು. “ಅವ ಮೊದಲು ಹೆಂಗಿದ್ದ ಅನ್ನೂದು ಯಾರೂ ಹೇಳೂದಿಲ್ರೀ” ಅನ್ನುತ್ತಾಳೆ.

ಈ ಕಥೆಯ ಜೀವ ಇರುವುದೂ ಅಲ್ಲಿಯೇ. ಹರಿಶ್ಚಂದ್ರ ಮೊದಲಿನಿಂದಲೂ ಸತ್ಯವಂತ, ಅವನಿಗೆ ಕೈಮುಗಿಯಬಹುದು. ಪುಂಡಲೀಕ ತಡವಾಗಿ ಬಂದವನು. ಊರು ಬಿಟ್ಟು ದುಡಿಯಲು ಬಂದವರಿಗೆ ಅವನ ಗುರುತು ಬೇಗ ಸಿಗುತ್ತದೆ. ತಡವಾಯಿತೆಂದು ದೇವರು ಅವನನ್ನು ಬಿಟ್ಟು ಹೋಗಲಿಲ್ಲ, ಒಳಗಿನ ಕೆಲಸ ಮುಗಿಯಲೆಂದು ಕಾದ. ಮೊದಲ ಚಿತ್ರ ಯಾವುದೆಂಬ ವಾದ ನಡೆಯುತ್ತಲೇ ಇರಲಿ.

ಅವ್ವನ ಮಗ್ಗುಲು ಬದಲಿಸುವ ಹೊತ್ತಿಗೆ ಬಾಗಿಲ ಗಂಟೆ ಬಾರಿಸಿದರೆ ಮಗಳು ಒಳಗಿನಿಂದಲೇ ಕೂಗುತ್ತಾಳೆ: “ತಡೀರಿ, ಬಂದೆ.” ಕೊರಿಯರ್ ಹುಡುಗ ಹೊಸ್ತಿಲಾಚೆ ಕಾಯುತ್ತಾನೆ.