ಗಾಳಿಯೂ ಬೆಸುಗೆಯೂ

ನಾವು ಗಟ್ಟಿಯೆಂದು ನಂಬಿದ ವಸ್ತುಗಳ ಬಲವು ಎಷ್ಟೋ ಸಲ ಕಣ್ಣಿಗೆ ಕಾಣದ ವಸ್ತುವಿನ ಮೇಲೆ ನಿಂತಿರುವದು. ಕಬ್ಬಿಣದ ಬೆಸುಗೆಯ ಬಲವು ಗಾಳಿಯನ್ನು ಅವಲಂಬಿಸಿದೆಯೆಂದರೆ ವಾಚಕರು ನಕ್ಕಾರು. ಆದರೆ ಅದು ನಿಜವಾದ ಮಾತು.

ವಿಜಯಪುರದಿಂದ ತಿಕೋಟಾಕ್ಕೂ ಬಬಲೇಶ್ವರಕ್ಕೂ ಹೋಗುವ ರಸ್ತೆಗಳ ಬದಿಗೆ ವೆಲ್ಡಿಂಗ್ ಅಂಗಡಿಗಳಿವೆ. ದ್ರಾಕ್ಷಿಯ ಪಡಗಳಿಗೆ ಕಬ್ಬಿಣದ ಚಪ್ಪರವು ಇಂಥಲ್ಲಿಯೇ ಸಿದ್ಧವಾಗುವದು. ತಿಕೋಟಾದ ಸೀಮೆಯಲ್ಲಿರುವ ನನ್ನ ತಮ್ಮನ ಪಡದಲ್ಲಿ ಒಂದು ವರ್ಷ, ಗೊನೆಗಳು ತುಂಬಿ ಜಗ್ಗುವ ಹೊತ್ತಿಗೆ, ಚಪ್ಪರದ ಒಂದು ಸಾಲು ಕುಸಿದುಬಿದ್ದಿತು. ಕಬ್ಬಿಣ ಮುರಿದಿರಲಿಲ್ಲ, ಬೆಸುಗೆಗಳು ಬಿಟ್ಟಿದ್ದವು. ಅವುಗಳ ಒಳಗೆಲ್ಲ ಜೇನುಹುಟ್ಟಿನಂತೆ ತೂತುಗಳು. ತಮ್ಮನು ಇದನ್ನು ಮೋಸವೆಂದನು. ಬೆಸುಗೆಗಾರನು ನನ್ನೆದುರು ಕಣ್ಣೀರು ತಂದು, “ಮಾಸ್ತರ್ರೇ, ಆಷಾಢದ ಗಾಳಿ ಇತ್ತಂತ ಗ್ಯಾಸ್ ಜಾಸ್ತಿನ ಬಿಟ್ಟಿದ್ನಿರಿ” ಎಂದನು. ಅವನ ಮಾತು ಸುಳ್ಳಾಗಿರಲಿಲ್ಲ.

ಸಿಲಿಂಡರಿನ ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲಗಳ ಮಿಶ್ರಣವು ಕರಗಿದ ಕಬ್ಬಿಣಕ್ಕೆ ಹೊದಿಕೆಯಂತಿದ್ದು, ಹೊರಗಿನ ಗಾಳಿಯನ್ನು ದೂರವಿಡುವದು. ಹೊದಿಕೆ ಹರಿದರೆ ಗಾಳಿಯು ಒಳಹೊಕ್ಕು, ಲೋಹವು ಹೆಪ್ಪುಗಟ್ಟುವಾಗ ಗುಳ್ಳೆಗಳಾಗಿ ನಿಲ್ಲುವದು. ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗದ ಗಾಳಿಯೇ ಇದಕ್ಕೆ ಸಾಕು.

ಬೆಸುಗೆಯ ಉರಿಯಾದರೂ ಸಾಮಾನ್ಯವಾದುದಲ್ಲ. ಅದರ ನಡುವಿನ ಕಾವು 10,000 ಡಿಗ್ರಿಯನ್ನು ಮೀರುವದು. ಸೂರ್ಯನ ಮೇಲ್ಮೈಯ ಕಾವು ಸುಮಾರು 5,500 ಡಿಗ್ರಿ ಮಾತ್ರ. ಅನಿಲದ ಈ ಸ್ಥಿತಿಗೆ 1928ರಲ್ಲಿ ಲ್ಯಾಂಗ್ಮ್ಯೂರ್ ಎಂಬ ವಿಜ್ಞಾನಿಯು ಪ್ಲಾಸ್ಮಾ ಎಂದು ಹೆಸರಿಟ್ಟನು. ಅಲ್ಲಿಗೆ ಇಳಿಸಿದ ಯಾವ ಉಷ್ಣಮಾಪಕವೂ ಉಳಿಯಲಾರದು. ಆದುದರಿಂದ ಪಂಡಿತರು ಅದರ ಬೆಳಕನ್ನು ಅಳೆದು, ಉಳಿದುದನ್ನು ಗಣಿತದಿಂದ ಕಾಣುತ್ತಾರೆ. ನಾವು ಹೊಲವನ್ನು ಮಡಿಗಳನ್ನಾಗಿ ಮಾಡಿ ನೀರು ಹಾಯಿಸುವಂತೆ, ಅವರು ಉರಿಯನ್ನು ಸಾವಿರಾರು ಸಣ್ಣ ಮಡಿಗಳಾಗಿ ವಿಭಾಗಿಸಿ, ಪ್ರತಿಯೊಂದರಲ್ಲಿ ಅನಿಲವೆಷ್ಟು ಬಂದಿತು, ಎಷ್ಟು ಹೋಯಿತು, ಕಾವೆಷ್ಟು ಉಳಿಯಿತೆಂದು ಕಂಪ್ಯೂಟರಿನಿಂದ ಲೆಕ್ಕ ಮಾಡುವರು. 1983ರಲ್ಲಿ ಅಮೇರಿಕದ ಫೆಂಡರ್ ಮತ್ತು ಅವರ ಸಂಗಡಿಗರು ಆರ್ಗಾನಿನ ಉರಿಯ ಇಂಥ ಲೆಕ್ಕವನ್ನು ಅಳತೆಗಳೊಡನೆ ಹೋಲಿಸಿ ಪ್ರಕಟಿಸಿದರು. ಮುಂದೆ 1990ರ ದಶಕದಲ್ಲಿ ಆಸ್ಟ್ರೇಲಿಯದ ಮರ್ಫಿಯವರು, ಕೂಡಿಸಿ ಬಿಟ್ಟ ಅನಿಲಗಳು ಉರಿಯೊಳಗೆ ಮತ್ತೆ ಭಾಗಶಃ ಬೇರ್ಪಡುವವೆಂದು ತೋರಿಸಿದರು.

ವಿದ್ಯುತ್ತು ತನ್ನ ಕಾಂತಬಲದಿಂದಲೇ ಸುತ್ತಲಿನ ಅನಿಲವನ್ನು ಸೆಳೆದು, ಕೆಳಗಿನ ಲೋಹದ ಮೇಲೆ ಅತಿವೇಗದಿಂದ ಚಿಮ್ಮಿಸುವದೆಂದು ಈ ಲೆಕ್ಕಗಳಿಂದ ತಿಳಿಯುವದು. ಸುತ್ತಲೂ ಶುದ್ಧ ಅನಿಲವಿದ್ದರೆ ಅದನ್ನು ಸೆಳೆಯುವದು; ಗಾಳಿ ಬೆರೆತಿದ್ದರೆ ಗಾಳಿಯನ್ನೂ ಸೆಳೆಯುವದು. ಸಿಲಿಂಡರಿನ ಅನಿಲವನ್ನು ಅತಿಯಾಗಿ ಬಿಟ್ಟರೂ ಪ್ರವಾಹವು ಸುಳಿಸುಳಿಯಾಗಿ ಕದಡಿ, ತಾನೇ ಗಾಳಿಯನ್ನು ಬೆರೆಸಿಕೊಳ್ಳುವದು. ಪಾಪ, ಆ ಬೆಸುಗೆಗಾರನು ಗಾಳಿಗೆ ಪರಿಹಾರವೆಂದು ಮಾಡಿದ್ದೇ ಗಾಳಿಗೆ ನೆರವಾಗಿರಬೇಕು. ಇದನ್ನು ತಿಳಿಸಿದ ಮೇಲೆ ತಮ್ಮನು ಜಗಳ ಬಿಟ್ಟು ಅವನಿಂದಲೇ, ತಾಡಪತ್ರಿಯ ಮರೆಯಲ್ಲಿ, ಕೆಲಸವನ್ನು ತಿರುಗಿ ಮಾಡಿಸಿದನು.

ಗೃಹಸ್ಥರು ಗೇಟು, ಕಿಟಕಿ, ಚಪ್ಪರಗಳನ್ನು ಮಾಡಿಸುವಾಗ ಕಬ್ಬಿಣದ ತೂಕವನ್ನು ಮಾತ್ರ ನೋಡಿ, ಕೆಲಸವನ್ನು ಅವಸರಪಡಿಸುವದು ವಾಡಿಕೆ. ಗಾಳಿಯ ದಿನ ಮರೆ ಕಟ್ಟಲು ಬೇಕಾದ ಸಮಯಕ್ಕೂ ಕೂಲಿ ಕೊಡಲಿ. ಆ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ರಾತ್ರಿ ಕಣ್ಣಿನಲ್ಲಿ ಮರಳು ಹೊಕ್ಕಂತೆ ಉರಿಯುವದು. ಆದುದರಿಂದ ಮಕ್ಕಳನ್ನು ದೂರವಿಡಲಿ. ಬೆಸುಗೆಗಾರನಿಗೂ ಮಕ್ಕಳಿಗೂ ಒಂದೇ ಮರೆ ಕಾವಲಾಗುವದು.