ಮಾತಿಲ್ಲದ ಹಾಡು

ಕಳೆದ ವಾರ ರಾತ್ರಿ ಕರೆಂಟು ಹೋಗಿತ್ತು. ಜಗಲಿಯಲ್ಲಿ ಕುಳಿತಿದ್ದೆವು. ಏಳನೇ ತರಗತಿಯ ಮೊಮ್ಮಗಳು ಅವಳಮ್ಮನ ಮೊಬೈಲಿನಲ್ಲಿ ಒಂದು ಹಾಡು ಹಾಕಿ, "ಕೇಳು ತಾತ, ಇದರಲ್ಲಿ ಮಾತೇ ಇಲ್ಲ" ಎಂದಳು. ನಿಧಾನವಾದ ಗಿಟಾರ್ ದನಿ, ನಮ್ಮ ಗೋಟುವಾದ್ಯದ ಹಾಗೆ ಜಾರುವ ಸ್ವರ. ಜೊತೆಗೆ ಒಬ್ಬ ಗಂಡಸು ಸುಮ್ಮನೆ ಗುನುಗುತ್ತಾನೆ, ನರಳುತ್ತಾನೆ.

ಹಾಡಿನ ಹೆಸರು 'ಡಾರ್ಕ್ ವಾಸ್ ದಿ ನೈಟ್, ಕೋಲ್ಡ್ ವಾಸ್ ದಿ ಗ್ರೌಂಡ್'. ಇರುಳು ಕತ್ತಲು, ನೆಲ ತಣ್ಣಗೆ ಎಂದರ್ಥ. ಹಾಡಿದವನು ಬ್ಲೈಂಡ್ ವಿಲ್ಲಿ ಜಾನ್ಸನ್. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಧಾಟಿಯಲ್ಲಿ ದೇವರ ಹಾಡು ಹೇಳುತ್ತಿದ್ದ ಟೆಕ್ಸಾಸ್‌ನ ಬಡ ಗಾಯಕ. ಚಿಕ್ಕಂದಿನಲ್ಲೇ ಕಣ್ಣು ಹೋಗಿತ್ತು. 1927ರ ಡಿಸೆಂಬರ್ 3ರಂದು ಡಲ್ಲಾಸ್ ಊರಿನಲ್ಲಿ ಕೊಲಂಬಿಯಾ ಕಂಪನಿಯವರು ಆತನ ದನಿ ಮುದ್ರಿಸಿಕೊಂಡರು. ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುವಷ್ಟು, ಮೂರು ನಿಮಿಷ ಚಿಲ್ಲರೆ. 1930ರ ನಂತರ ಆತನ ದನಿಯನ್ನು ಯಾರೂ ಮುದ್ರಿಸಲಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಒದ್ದೆ ಹಾಸಿಗೆಯಲ್ಲೇ ಮಲಗಿ ಕಾಯಿಲೆಯಾಯಿತೆಂದು ಹೆಂಡತಿ ಹೇಳಿದ್ದಾಳೆ. 1945ರಲ್ಲಿ ತೀರಿಕೊಂಡ.

1977ರಲ್ಲಿ ವಾಯೇಜರ್ ನೌಕೆಗಳನ್ನು ಹಾರಿಸಿದಾಗ, ಅವುಗಳಲ್ಲಿಟ್ಟ ಚಿನ್ನದ ಲೇಪದ ತಟ್ಟೆಗೆ ವಿಜ್ಞಾನಿ ಕಾರ್ಲ್ ಸೇಗನ್ ಮತ್ತು ಸಂಗಡಿಗರು ಈ ಹಾಡನ್ನೂ ಆರಿಸಿದರು. ಅದೇ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ನಮ್ಮ ಕನ್ನಡವೂ ಇದೆ! ಮನೆಯಿಲ್ಲದವನ ಗುನುಗು ಈಗ ಗ್ರಹಗಳನ್ನೆಲ್ಲ ದಾಟಿ ಹೋಗುತ್ತಿದೆ.

ಕೇಳುತ್ತ ನನಗೆ ಅಮ್ಮನ ನೆನಪಾಯಿತು. ಕೊನೆಯ ದಿನಗಳಲ್ಲಿ ಅವಳಿಗೆ ಹಾಡಿನ ಪದಗಳೆಲ್ಲ ಮರೆತುಹೋಗಿದ್ದವು, ರಾಗ ಮಾತ್ರ ಉಳಿದಿತ್ತು. ಹೂ ಕಟ್ಟುತ್ತ ಗುನುಗುತ್ತಿದ್ದಳು. ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಅದರಲ್ಲಿ ಸಿನಿಮಾ ಹಾಡು, ಕ್ರಿಕೆಟ್ ಕಾಮೆಂಟರಿ ಎಲ್ಲ ತುಂಬಿಸಿದೆ. ಅಮ್ಮನ ದನಿಯೊಂದನ್ನು ಬಿಟ್ಟು.

ಮೊಮ್ಮಗಳಿಗೆ ಇದನ್ನು ಹೇಳಿದೆ. ಅವಳು ಮೊಬೈಲನ್ನು ನನ್ನ ಬಾಯಿಯ ಹತ್ತಿರ ಹಿಡಿದು, "ಮುತ್ತಜ್ಜಿ ಹಾಡು ನೀನೇ ಹೇಳು ತಾತ" ಎಂದಳು. ಗುನುಗಿದೆ. ನಡುವಿನ ಒಂದು ತಿರುವು ಎಷ್ಟು ತಡಕಿದರೂ ಸಿಗಲಿಲ್ಲ. ಅವಳು ಅಷ್ಟನ್ನೇ ಹಿಡಿದಿಟ್ಟಳು.

ಮಕ್ಕಳೇ, ನಿಮ್ಮ ಅಜ್ಜಿ-ತಾತನ ಹಾಡು ನಿಮ್ಮ ಹತ್ತಿರ ಇದೆಯೇ? ಇಲ್ಲದಿದ್ದರೆ ಇವತ್ತೇ ಕೇಳಿ. ಪದ ಮರೆತಿದ್ದರೂ ಪರವಾಗಿಲ್ಲ, ಗುನುಗಿದರೆ ಸಾಕು.